ಕಲ್ಲು ತೋರಿಸುವ ಕೆಲಸ

ಒಂದು ಕಾರು, ಒಬ್ಬ ಡ್ರೈವರ್, ಕೆಲವೊಮ್ಮೆ ಜೊತೆಗೊಬ್ಬ ಗೈಡ್, ಒಂದೇ ಮನೆಯ ನಾಲ್ಕೈದು ಮಂದಿ. ಬೆಳಿಗ್ಗೆ ಮಂಗಳೂರು ಬಿಟ್ಟು ಮೂಡುಬಿದಿರೆ, ಕಾರ್ಕಳ, ಉಡುಪಿ, ಮಲ್ಪೆ ಮುಗಿಸಿ ಕತ್ತಲಾದ ಮೇಲೆ ಮರಳುವ ಖಾಸಗಿ ಪ್ರವಾಸ ಕರಾವಳಿಯಲ್ಲಿ ಚೆನ್ನಾಗಿ ನಡೆಯುತ್ತಿರುವ ವ್ಯವಹಾರ. ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಕ್ರೂಸ್ ಹಡಗುಗಳ ವಿದೇಶಿಯರು, ಮದುವೆಗೆಂದು ಬಂದ ಮುಂಬೈಯ ನೆಂಟರು, ರಜೆಯಲ್ಲಿ ಊರಿಗೆ ಬಂದ ಗಲ್ಫ್ ಕುಟುಂಬಗಳು, ವಾರಾಂತ್ಯಕ್ಕೆ ಇಳಿಯುವ ಬೆಂಗಳೂರಿನವರು ಇದರ ಗಿರಾಕಿಗಳು. ಈ ದಾರಿಯಲ್ಲಿ ಜನ ನೋಡಲು ಹೋಗುವುದರಲ್ಲಿ ಹೆಚ್ಚಿನದು ಕಲ್ಲೇ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಲ್ಲು, ಕಾರ್ಕಳದ ಗೊಮ್ಮಟ ಕಲ್ಲು, ಅವನು ನಿಂತ ಬೆಟ್ಟವೂ ಒಂದೇ ಕಲ್ಲು, ಸೈಂಟ್ ಮೇರೀಸ್ ದ್ವೀಪದ ಕಂಬಗಳಂತೂ ಕಲ್ಲಿನ ಹೊರತು ಬೇರೇನೂ ಅಲ್ಲ. ಆದರೂ ಇಡೀ ದಿನದಲ್ಲಿ ಕಲ್ಲಿನ ಬಗ್ಗೆ ಹತ್ತು ನಿಮಿಷದ ಮಾತು ಹುಟ್ಟುವುದಿಲ್ಲ. ಈ ಪ್ರವಾಸದ ಗುಣದೋಷಗಳನ್ನು ತೂಗುವ ಕೆಲಸ ಈ ಕೊರತೆಯಿಂದಲೇ ಶುರುವಾಗಬೇಕು.

ಮೊದಲು ಗುಣದ ಮಾತು. ಬಸ್ಸಿನಲ್ಲಿ ನಲವತ್ತು ಜನರ ಜೊತೆ ಹೋದರೆ ಇಳಿಯುವುದಕ್ಕೂ ಹತ್ತುವುದಕ್ಕೂ ಸಮಯ ಗೊತ್ತುಮಾಡುವವರು ಬೇರೆಯವರು. ಖಾಸಗಿ ಕಾರಿನಲ್ಲಿ ಮಂಡಿನೋವಿನ ಅಜ್ಜಿ ಕಾರ್ಕಳದ ಬೆಟ್ಟದ ಮೆಟ್ಟಿಲನ್ನು ನಿಧಾನಕ್ಕೆ ಏರಬಹುದು, ಮಗು ನಿದ್ದೆಹೋದರೆ ಮುಂದಿನ ಊರನ್ನು ಬಿಟ್ಟುಬಿಡಬಹುದು, ಇಷ್ಟವಾದ ಕಡೆ ಒಂದು ಗಂಟೆ ಹೆಚ್ಚಿಗೆ ಕೂರಬಹುದು. ಬಸ್ಸಿನ ಟಿಕೆಟ್ಟಿಗಿಂತ ಹತ್ತಾರು ಪಟ್ಟು ಹೆಚ್ಚು ಕೊಟ್ಟು ಜನ ಕೊಳ್ಳುವುದು ಈ ಬಿಡುವನ್ನು. ಅದಕ್ಕೆ ನಿಜವಾದ ಬೆಲೆ ಇದೆ, ಅದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ದೋಷವಿರುವುದು ಆ ಬಿಡುವನ್ನು ಬಳಸುವ ಬಗೆಯಲ್ಲಿ. ಕಾರು ಖಾಸಗಿಯಾದರೂ ಪಟ್ಟಿ ಬಸ್ಸಿನದೇ. ಏಳೆಂಟು ಸ್ಥಳ, ಪ್ರತಿಯೊಂದಕ್ಕೂ ಮುಕ್ಕಾಲು ಗಂಟೆ, ನಡುವೆ ಊಟ, ಗೇರುಬೀಜದ ಅಂಗಡಿ. ಮಂಗಳೂರಿನಿಂದ ಕಾರ್ಕಳಕ್ಕೆ ಸುಮಾರು 50 ಕಿಲೋಮೀಟರ್, ಮಲ್ಪೆಯಿಂದ ಮಂಗಳೂರಿಗೆ ಸುಮಾರು 60. ಒಳದಾರಿಗಳು, ಪೇಟೆಯ ಟ್ರಾಫಿಕ್, ಬೋಟಿಗೆ ಕಾಯುವುದು ಎಲ್ಲ ಸೇರಿದರೆ ಹಗಲಿನ ಅರ್ಧ ಚಕ್ರದ ಮೇಲೆಯೇ ಕಳೆಯುತ್ತದೆ. ಹೆಚ್ಚು ಸ್ಥಳ ತೋರಿಸಿದವನೇ ಒಳ್ಳೆಯ ಗೈಡ್ ಎಂಬ ನಂಬಿಕೆ ಗಿರಾಕಿಯಲ್ಲೂ ಇದೆ, ಮಾರುವವನಲ್ಲೂ ಇದೆ. ಇದರಿಂದ ಅತಿ ಹೆಚ್ಚು ನಷ್ಟವಾಗುವುದು ಸೈಂಟ್ ಮೇರೀಸ್ ದ್ವೀಪಕ್ಕೆ.

ತೋನ್ಸೆಪಾರ್ ಎಂದೂ ಕರೆಸಿಕೊಳ್ಳುವ ಈ ದ್ವೀಪಗಳು ಮಲ್ಪೆಯಿಂದ ಬೋಟಿನಲ್ಲಿ ಅರ್ಧ ಗಂಟೆಯೊಳಗಿನ ದೂರ. ಜೆಟ್ಟಿಯಲ್ಲಿ ಖಾಸಗಿತನ ಮುಗಿಯುತ್ತದೆ. ಬೋಟು ಎಲ್ಲರದು, ಅದರ ಸಮಯವೂ ಎಲ್ಲರದು. ಹೆಚ್ಚಿನ ಗೈಡ್‌ಗಳು ದಡದಲ್ಲೇ ಉಳಿದು, ಸಂಜೆಗೆ ಇಷ್ಟು ಗಂಟೆಗೆ ಬನ್ನಿ ಎಂದು ಕಳಿಸಿಬಿಡುತ್ತಾರೆ. ಜೊತೆಗೆ ಬಂದವರು ಹೇಳುವುದು ವಾಸ್ಕೋ ಡ ಗಾಮನ ಕಥೆ: 1498ರಲ್ಲಿ ಆತ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಮಾತೆಯ ಹೆಸರಿಟ್ಟನಂತೆ. ಕಥೆ ಸ್ವಾರಸ್ಯದ್ದೇ. ಆದರೆ ಕಾಲಕೆಳಗಿನ ಕಲ್ಲಿನ ಕಥೆಯ ಮುಂದೆ ಐದು ಶತಮಾನದ ಈ ಸುದ್ದಿ ಬಹಳ ಚಿಕ್ಕದು.

ಆ ದೊಡ್ಡ ಕಥೆ ಸುಮಾರು ಒಂಬತ್ತು ಕೋಟಿ ವರ್ಷ ಹಿಂದಿನದು. ಆಗ ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿತ್ತು. ಎರಡೂ ನೆಲಗಳು ಬಿರಿದು ದೂರವಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಈ ದ್ವೀಪಗಳಾಗಿ ಉಳಿದಿದೆ. ಅದೇ ಕಾಲದ ಜ್ವಾಲಾಮುಖಿ ಶಿಲೆ ಮಡಗಾಸ್ಕರ್‌ನಲ್ಲೂ ಇದೆ. ಸುಮಾರು 6.6 ಕೋಟಿ ವರ್ಷ ಹಿಂದೆ ಉಕ್ಕಿದ ದಖ್ಖನ್ ಲಾವಾಕ್ಕಿಂತ ಇದು ಎರಡು ಕೋಟಿ ವರ್ಷಕ್ಕೂ ಹೆಚ್ಚು ಹಳೆಯದು. ಇದು ದಖ್ಖನ್ ಬಸಾಲ್ಟ್ ಎಂದು ಗೈಡ್‌ಗಳು ಮತ್ತೆ ಮತ್ತೆ ಹೇಳುವ ಮಾತು ಎರಡು ಬಗೆಯಲ್ಲಿ ತಪ್ಪು: ಕಾಲವೂ ಬೇರೆ, ಕಲ್ಲೂ ಬೇರೆ. ಶಿಲೆಯ ಪರೀಕ್ಷೆ ಮಾಡಿದ ಭೂವಿಜ್ಞಾನಿಗಳು ಇದು ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಬಗೆಯದು ಎಂದು ತೋರಿಸಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದು ಈ ಲಾವಾ ಕಂಬಗಳಿಗಾಗಿ, ಕಡಲಿನ ನೀಲಿಗಾಗಿ ಅಲ್ಲ.

ಕಂಬಗಳು ಹೇಗಾದವು ಎಂಬುದನ್ನು ವಿವರಿಸಲು ವಿಜ್ಞಾನದ ಪದವಿ ಬೇಕಿಲ್ಲ. ಕೊಯ್ಲಾದ ಗದ್ದೆ ಬೇಸಿಗೆಯಲ್ಲಿ ಒಣಗಿ ಬಿರಿಯುವುದನ್ನು ಕರಾವಳಿಯ ಮಕ್ಕಳೆಲ್ಲ ಕಂಡಿದ್ದಾರೆ. ಕೆಸರು ನೀರು ಕಳೆದುಕೊಂಡು ಕುಗ್ಗುತ್ತದೆ, ಲಾವಾ ಶಾಖ ಕಳೆದುಕೊಂಡು ಕುಗ್ಗುತ್ತದೆ. ಕುಗ್ಗುವಾಗ ಎಲ್ಲ ಕಡೆಯಿಂದ ಎಳೆತ ಬಿದ್ದು ಮೇಲ್ಮೈ ಐದಾರು ಮೂಲೆಯ ತುಂಡುಗಳಾಗಿ ಸೀಳುತ್ತದೆ. ತಂಪು ಒಳಕ್ಕೆ ಇಳಿದಂತೆಲ್ಲ ಸೀಳೂ ಒಳಕ್ಕೆ ಇಳಿದು ಕಂಬವಾಗುತ್ತದೆ. ಕಂಬಗಳು ತಂಪಾದ ಮುಖಕ್ಕೆ ಲಂಬವಾಗಿ ಬೆಳೆಯುವುದರಿಂದ ಅವು ವಾಲಿದ ದಿಕ್ಕನ್ನು ನೋಡಿ ಲಾವಾ ಎಲ್ಲಿಂದ ತಣಿಯಿತೆಂದು ಊಹಿಸಬಹುದು. ಇಷ್ಟು ಹೇಳಿ, ಐದು ಮೂಲೆಯದು ಎಷ್ಟು, ಆರರದು ಎಷ್ಟು, ಏಳರದು ಸಿಕ್ಕುತ್ತದೆಯೇ ಎಂದು ಮಕ್ಕಳನ್ನು ಹುಡುಕಲು ಬಿಟ್ಟರೆ ದ್ವೀಪದಲ್ಲಿ ಎರಡು ಗಂಟೆ ಸಾಲುವುದಿಲ್ಲ. ಈಗ ಅಲ್ಲಿ ನಡೆಯುವುದು ಕಂಬದ ತಲೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದು ಮಾತ್ರ. ಅದು ಪ್ರವಾಸಿಯ ಅಸಡ್ಡೆಯಲ್ಲ. ಬೇರೆ ಏನು ಮಾಡಬಹುದೆಂದು ಅವನಿಗೆ ಯಾರೂ ಹೇಳಿಲ್ಲ.

ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಇಂಥದೇ ಕಂಬಗಳಿವೆ, ಅವು ಬಸಾಲ್ಟ್‌ನವು, ಸಂಖ್ಯೆಯಲ್ಲಿ ಸುಮಾರು 40,000. 1986ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿಗೆ ಹೋಗಲು ಕಟ್ಟಿದ ದಾರಿ ಅದು ಎಂಬ ಜನಪದ ಕಥೆಯೂ ಲಾವಾ ತಣಿದ ವಿವರವೂ ಅಲ್ಲಿ ಜೊತೆಜೊತೆಯಲ್ಲೇ ಕೇಳಸಿಗುತ್ತವೆ. ಒಂದರಿಂದ ಇನ್ನೊಂದಕ್ಕೆ ಹಾನಿಯಾಗಿಲ್ಲ. ಜನರು ಕಟ್ಟಿಕೊಂಡ ಕಥೆಯನ್ನು ಕಥೆಯೆಂದೇ ಹೇಳಿ, ಕಲ್ಲಿನ ಚರಿತ್ರೆಯನ್ನು ಚರಿತ್ರೆಯೆಂದೇ ಹೇಳಿದರೆ ಎರಡೂ ಉಳಿಯುತ್ತವೆ. ನಮ್ಮ ಗೈಡ್‌ಗಳಿಂದ ನಿರೀಕ್ಷಿಸಬೇಕಾದದ್ದೂ ಇಷ್ಟೇ.

ಕಾರ್ಕಳದಲ್ಲಿ ಗೈಡ್‌ಗಳ ಮಾತು ಹೆಚ್ಚು ಗಟ್ಟಿ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಏಕಶಿಲಾ ಬಾಹುಬಲಿ, ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಇಸವಿ, ಅಳತೆ, ಅರಸನ ಹೆಸರು ತಪ್ಪುವುದಿಲ್ಲ. ಆದರೆ ಮೂರ್ತಿ ನಿಂತ ಬೋಳು ಬಂಡೆಯನ್ನು ಯಾರೂ ತೋರಿಸುವುದಿಲ್ಲ. ಅದು ಕರ್ನಾಟಕದ ತಳಪಾಯವಾದ ಹಳೆಯ ಕಗ್ಗಲ್ಲಿನ ಕುಲದ್ದು, ವಯಸ್ಸನ್ನು ನೂರು ಕೋಟಿಗಳ ಲೆಕ್ಕದಲ್ಲಿ ಹೇಳಬೇಕಾದದ್ದು. ಇದರ ಮುಂದೆ ಸೈಂಟ್ ಮೇರೀಸ್ ನಿನ್ನೆ ಮೊನ್ನೆಯದು. ಮೇಲಿದ್ದ ಭಾರ ಸವೆದುಹೋದ ಮೇಲೆ ಇಂಥ ಬಂಡೆ ಹಿಗ್ಗಿ, ಪದರ ಪದರವಾಗಿ ಕಳಚಿ, ಮೂಲೆಗಳಿಲ್ಲದ ಗುಂಡುಬೆನ್ನಾಗುತ್ತದೆ. ಬೆಟ್ಟ ಹತ್ತುವಾಗ ಆ ಪದರಗಳ ಅಂಚು ಕಾಲಿಗೇ ಸಿಗುತ್ತದೆ.

ಕಲ್ಲುಕುಟಿಗರ ಚರಿತ್ರೆಯೂ ಇಲ್ಲಿ ಜೀವಂತವಾಗಿದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದ ಬಳಿಯಲ್ಲೇ ಕಡಿದವರು ರೆಂಜಾಳ ಗೋಪಾಲ ಶೆಣೈ. 1973ರಲ್ಲಿ ಅದನ್ನು ಬಹುಗಾಲಿಯ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಒಯ್ದರು, 1982ರಲ್ಲಿ ಪ್ರತಿಷ್ಠೆಯಾಯಿತು. ಆ ಮೆರವಣಿಗೆಯನ್ನು ರಸ್ತೆಬದಿಯಲ್ಲಿ ನಿಂತು ನೋಡಿದ ಹಿರಿಯರು ಈ ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಆರು ಶತಮಾನದ ಹಿಂದೆ ಅಷ್ಟು ದೊಡ್ಡ ಮೂರ್ತಿ ಬೆಟ್ಟದ ತುದಿಯಲ್ಲಿ ನಿಂತದ್ದು ಹೇಗೆಂದು ಪ್ರವಾಸಿ ಕೇಳಿದಾಗ, ಉತ್ತರಕ್ಕೆ ಐವತ್ತು ವರ್ಷದ ಹಿಂದಿನ ಈ ಸಾಗಾಟದಿಂದಲೇ ಹೊರಡಬಹುದು. ಗೊಮ್ಮಟನ ಪಾದದ ಬಳಿ ಇದನ್ನು ಹೇಳುವ ಗೈಡ್ ಸಿಕ್ಕಿದರೆ ಆ ದಿನದ ದುಡ್ಡು ಸಾರ್ಥಕ.

ಬೆಳ್ತಂಗಡಿ ಕಡೆಯ ಗಡಾಯಿಕಲ್ಲು ಮತ್ತು ಬಂಟ್ವಾಳ ತಾಲೂಕಿನ ಕಾರಿಂಜ ಬೆಟ್ಟ ಪ್ರವಾಸದ ಪಟ್ಟಿಗಳಲ್ಲಿ ಬರುವುದೇ ಅಪರೂಪ. ಬಂದರೂ ರಸ್ತೆಯಿಂದ ಒಂದು ನೋಟ. ಗಡಾಯಿಕಲ್ಲು ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಒಂಟಿ ಬಂಡೆ. ಹಳೆಯ ನರಸಿಂಹಗಡದ ಜಾಗದಲ್ಲಿ ಟಿಪ್ಪು 1794ರಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ. ಬಂಡೆಯಲ್ಲೇ ಕಡಿದ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು ಹತ್ತಬೇಕು, ಅರಣ್ಯ ಇಲಾಖೆಯ ಕಚೇರಿಯಲ್ಲಿ ಶುಲ್ಕ ಕಟ್ಟಬೇಕು, ಮಳೆಯಲ್ಲಿ ಕಲ್ಲು ಜಾರುತ್ತದೆ. ಇದು ಇನ್ನೊಂದು ಸ್ಥಳದ ಜೊತೆ ಸೇರಿಸುವಂಥದಲ್ಲ, ಅದಕ್ಕೇ ಒಂದು ದಿನ ಕೊಡಬೇಕು. ಕೊಡಲಾಗದಿದ್ದರೆ ಪಟ್ಟಿಯಿಂದ ಬಿಡುವುದೇ ಪ್ರಾಮಾಣಿಕತೆ.

ಕಾರಿಂಜಕ್ಕೆ ಅರ್ಧ ದಿನ ಸಾಕು. ಬೆಟ್ಟದ ನಡುವೆ ಪಾರ್ವತಿಯ ಗುಡಿ, ತುದಿಯಲ್ಲಿ ಈಶ್ವರನದು. ಭೀಮ ಗದೆ ಎಸೆದು ಮಾಡಿದನೆಂಬ ಗದಾತೀರ್ಥ, ಮಂಡಿಯೂರಿದಲ್ಲಿ ಜಾನುತೀರ್ಥ, ಹೆಬ್ಬೆರಳೂರಿದಲ್ಲಿ ಅಂಗುಷ್ಠತೀರ್ಥ ಎಂದು ಭಕ್ತರು ಹೇಳುತ್ತಾರೆ. ಬಂಡೆಯ ತಗ್ಗುಗಳಲ್ಲಿ ನೀರು ನಿಲ್ಲುವುದನ್ನು ನಮ್ಮ ಹಿರಿಯರು ಎಷ್ಟು ಗಮನವಿಟ್ಟು ನೋಡಿದ್ದರು ಎಂಬುದಕ್ಕೆ ಈ ಮೂರು ಹೆಸರುಗಳೇ ಸಾಕ್ಷಿ. ಇದೇ ಬೆಟ್ಟದ ಸುತ್ತ ಕಲ್ಲಿನ ಗಣಿಗಾರಿಕೆ ನಡೆದಾಗ, ಸಿಡಿತದಿಂದ ಬಂಡೆಗೂ ದೇವಸ್ಥಾನಕ್ಕೂ ಅಪಾಯವೆಂದು ಜನ ಹೋರಾಟಕ್ಕಿಳಿದರು. ಪ್ರವಾಸದಲ್ಲಿ ಇದನ್ನೂ ಹೇಳಬೇಕು. ಕಲ್ಲು ನೋಡಲು ಬಂದವರಿಗೆ ಕಲ್ಲು ಮುಗಿದುಹೋಗುವ ವಸ್ತು ಎಂದು ತಿಳಿಯಬೇಕು.

ಮಂಗಳೂರು ತಾನೇ ಈ ಪ್ರವಾಸದಲ್ಲಿ ಬರೀ ಹೊರಡುವ ಜಾಗವಾಗಿ ಉಳಿದಿರುವುದು ಇನ್ನೊಂದು ಕೊರತೆ. ಈ ಊರು ನಿಂತಿರುವುದು ಮುರಕಲ್ಲಿನ ಮೇಲೆ, ಇಲ್ಲಿನ ಹಳೆಯ ಮನೆಗಳು ನಿಂತಿರುವುದೂ ಅದರಿಂದಲೇ. ಬಿಸಿಲು ಮಳೆಗಳಲ್ಲಿ ಮೂಲಶಿಲೆ ಕೊಳೆತು, ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಆದ ಕೆಂಪು ಕಲ್ಲು ಇದು. ನೆಲದಲ್ಲಿ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರದಲ್ಲಿ ಇದನ್ನು ಕಂಡು ವರ್ಣಿಸಿ, 1801ರಲ್ಲಿ ಕೆನರಾ ಸುತ್ತಿ, 1807ರಲ್ಲಿ ತನ್ನ ಪ್ರವಾಸದ ಗ್ರಂಥ ಪ್ರಕಟಿಸಿದ. ಅಂಗಾಡಿಪುರ ಈಗ ಭೂವೈಜ್ಞಾನಿಕ ಸ್ಮಾರಕ. ಅದೇ ಬಗೆಯ ಕಲ್ಲಿನ ಮೇಲೆ ಬದುಕುವ ನಾವು ಇಲ್ಲಿನ ಕದ್ರಿ ದೇವಸ್ಥಾನಕ್ಕೆ ಪ್ರವಾಸಿಗಳನ್ನು ಕರೆದೊಯ್ದು 968ರ ಲೋಕೇಶ್ವರನ ಕಂಚಿನ ಮೂರ್ತಿಯನ್ನು ತೋರಿಸುತ್ತೇವೆ. ಮೇಲಿನ ಗುಡ್ಡದಲ್ಲಿ ಪಾಂಡವರ ಗುಹೆಗಳೆಂದು ಹೆಸರಾದವು ಕೊರೆದ ಮುರಕಲ್ಲೆಂದು ಹೇಳಲು ಮರೆಯುತ್ತೇವೆ.

ಇದಕ್ಕೆಲ್ಲ ಗೈಡ್‌ಗಳನ್ನು ಮಾತ್ರ ದೂರಿದರೆ ಅನ್ಯಾಯ. ಹೆಚ್ಚಿನ ಕಾರುಗಳಲ್ಲಿ ಬೇರೆ ಗೈಡ್ ಇರುವುದೇ ಇಲ್ಲ, ಡ್ರೈವರೇ ಗೈಡ್. ಬೆಳಗಾಗುವ ಮುಂಚೆ ಎದ್ದು ದಿನವಿಡೀ ಸ್ಟಿಯರಿಂಗ್ ಹಿಡಿದವರಿಂದ ಮಡಗಾಸ್ಕರ್‌ನ ಕಥೆ ಬಯಸುವುದು ಸಲ್ಲದು. ಅವರಿಗೆ ತುಳು, ಕನ್ನಡ, ಹಿಂದಿ ಬರುತ್ತದೆ, ಯಾವ ಹೋಟೆಲಿನಲ್ಲಿ ನೀರುದೋಸೆ ಬಿಸಿಯಿದೆ, ಯಾವ ಸಂಜೆ ಕಡಲು ಒರಟಾಗುತ್ತದೆ ಎಂಬುದೂ ಗೊತ್ತು. ಈ ತಿಳಿವಳಿಕೆಗೆ ಕೂಲಿಯಿಲ್ಲ. ಅಂಗಡಿಯ ಕಮಿಷನ್‌ನಿಂದ ಅದನ್ನು ತುಂಬಿಕೊಳ್ಳಬೇಕಾದ ಸ್ಥಿತಿಯಲ್ಲಿ ಅವರನ್ನು ಇಟ್ಟವರು ನಾವು. ಗೇರುಬೀಜದ ಅಂಗಡಿಗೆ ಮುಕ್ಕಾಲು ಗಂಟೆ, ದ್ವೀಪಕ್ಕೆ ಒಂದು ಗಂಟೆ ಎಂಬ ಲೆಕ್ಕ ಹುಟ್ಟುವುದು ಇಲ್ಲಿ. ಕರಾವಳಿಯ ಕಾಲೇಜುಗಳು ಮತ್ತು ಪ್ರವಾಸೋದ್ಯಮ ಇಲಾಖೆ ಸೇರಿ ಕಲ್ಲಿನ ಬಗ್ಗೆ ಒಂದು ವಾರದ ತರಬೇತಿ ಕೊಟ್ಟು, ಅದನ್ನು ಪಡೆದವರಿಗೆ ಹೆಚ್ಚಿನ ದರ ಗೊತ್ತುಮಾಡಿದರೆ ಈ ದಾರಿಯ ಮಾತೇ ಬದಲಾಗುತ್ತದೆ.

ಹಾಗಾದರೆ ಈ ಪ್ರವಾಸ ಕೊಳ್ಳಬಹುದೇ? ಈಗಿರುವ ರೂಪದಲ್ಲಿ ಇದು ಸುಖವಾದ ಕಾರುಸವಾರಿ, ಅದಕ್ಕಿಂತ ಹೆಚ್ಚಲ್ಲ. ಆದರೆ ಪಟ್ಟಿಯನ್ನು ತಿದ್ದುವ ಹಕ್ಕು ದುಡ್ಡು ಕೊಡುವವರ ಕೈಯಲ್ಲಿದೆ. ಬೆಳಿಗ್ಗೆ ಕದ್ರಿ ಗುಡ್ಡದ ಮುರಕಲ್ಲು, ಬಿಸಿಲೇರುವ ಮುಂಚೆ ಕಾರ್ಕಳದ ಬೆಟ್ಟ, ಮಧ್ಯಾಹ್ನದ ನಂತರ ಪೂರ್ತಿ ಸೈಂಟ್ ಮೇರೀಸ್. ಮೂರು ಕಲ್ಲು, ಮೂರು ಕಾಲ, ಸಾಕು. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟಿಲ್ಲವಾದ್ದರಿಂದ ಆಗ ಅದರ ಬದಲು ಬೇರೆ ಬೆಟ್ಟವನ್ನು ತುರುಕದೆ ಕಾರ್ಕಳದ ಹಳೆಯ ಬಸದಿಗಳಲ್ಲೇ ಸಮಯ ಕಳೆಯುವುದು ಒಳ್ಳೆಯದು. ಬುಕ್ ಮಾಡುವಾಗಲೇ ಎರಡು ಮಾತು ಕೇಳಿ: ಗೈಡ್ ದ್ವೀಪಕ್ಕೆ ನಮ್ಮ ಜೊತೆ ಬರುತ್ತಾರೆಯೇ, ಅಂಗಡಿಯ ನಿಲುಗಡೆ ಬಿಡಬಹುದೇ. ಎರಡಕ್ಕೂ ಹೌದೆಂದವರಿಗೆ ಹೆಚ್ಚು ಕೊಡಲು ಹಿಂಜರಿಯಬೇಡಿ.

ಊರಿನವರು ಮೊದಲು ಈ ಪ್ರವಾಸ ಮಾಡಬೇಕು ಎಂಬುದು ನನ್ನ ಒತ್ತಾಯ. ನೆಂಟರು ಬಂದಾಗ ಮಾತ್ರ ಮಲ್ಪೆಯ ಬೋಟು ಹತ್ತುವ ಮಂಗಳೂರಿಗರಿಗೆ ತಮ್ಮ ಮನೆಯ ಗೋಡೆ, ಗೊಮ್ಮಟನ ಬೆಟ್ಟ, ದ್ವೀಪದ ಕಂಬ ಮೂರೂ ಬೇರೆ ಬೇರೆ ಕಾಲದ, ಬೇರೆ ಬೇರೆ ಬಗೆಯ ಕಲ್ಲೆಂದು ಗೊತ್ತಾದರೆ, ಕಾರಿಂಜದಂಥ ಇನ್ನೊಂದು ಬೆಟ್ಟದ ಬುಡದಲ್ಲಿ ಸಿಡಿಮದ್ದು ಇಟ್ಟ ದಿನ ಪ್ರಶ್ನಿಸುವವರ ಸಂಖ್ಯೆ ಹೆಚ್ಚುತ್ತದೆ. ಸಂಜೆ ಮನೆಗೆ ಬಂದ ಮಗು ಈ ಮೂರು ಕಲ್ಲುಗಳ ವ್ಯತ್ಯಾಸವನ್ನು ತನ್ನ ಮಾತಿನಲ್ಲಿ ಹೇಳಬಲ್ಲದೇ ಎಂಬುದೇ ಇಂಥ ಪ್ರವಾಸಕ್ಕೆ ಇಡಬೇಕಾದ ಪರೀಕ್ಷೆ. ಅದರಲ್ಲಿ ಗೆಲ್ಲುವ ಪ್ರವಾಸವನ್ನು ರೂಪಿಸಲು ಬೇಕಾದ ಕಲ್ಲು, ದಾರಿ, ಜನ ಎಲ್ಲವೂ ಈ ಜಿಲ್ಲೆಗಳಲ್ಲಿ ಈಗಾಗಲೇ ಇವೆ. ಪಟ್ಟಿಯನ್ನು ಚಿಕ್ಕದು ಮಾಡುವ ಧೈರ್ಯವೊಂದು ಬೇಕು.