ಹೆಸರಿನ ಮರೆಯಲ್ಲಿ ಹೊಣೆ

ಅಮೆರಿಕದ ಕಾಲೇಜು ಕ್ರೀಡೆಯನ್ನು ಕುರಿತ ಗ್ರಂಥಗಳಲ್ಲಿ ವಾಲ್ಟರ್ ಬೈಯರ್ಸ್ ಅವರ 'ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಕಾಂಡಕ್ಟ್' (1995) ವಿಶಿಷ್ಟವಾದುದು. ಅದರ ಕರ್ತೃ ಹೊರಗಿನ ಟೀಕಾಕಾರರಲ್ಲ. 1951ರಿಂದ 1987ರವರೆಗೆ ಆ ದೇಶದ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎಯ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದವರು. ವಿದ್ಯಾರ್ಥಿವೇತನದ ಹೊರತು ಆಟಗಾರನಿಗೆ ಹಣ ಸಲ್ಲಕೂಡದೆಂಬ ನಿಯಮವನ್ನು ಕಟ್ಟುನಿಟ್ಟಾಗಿ ನಡೆಸಿದವರೇ ನಿವೃತ್ತರಾದ ಮೇಲೆ ಅದನ್ನು ಅನ್ಯಾಯವೆಂದು ಬರೆದರು. ತಡವಾದರೂ ಆ ಮಾತಿಗೆ ಒಳಗಿನವರ ಸಾಕ್ಷ್ಯದ ಬೆಲೆಯುಂಟು.

'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಪದದ ಹುಟ್ಟನ್ನು ತಿಳಿಸುವ ಭಾಗವೇ ಗ್ರಂಥದ ಸಾರ. ಆಟಗಾರರನ್ನು ನೌಕರರೆಂದು ಸರ್ಕಾರಗಳು ಪರಿಗಣಿಸಿಯಾವೆಂಬ ಭಯದಿಂದ 1950ರ ದಶಕದಲ್ಲಿ ಸಂಘವೇ ಈ ಪದವನ್ನು ರೂಪಿಸಿತೆಂದು ಬೈಯರ್ಸ್ ಒಪ್ಪಿಕೊಳ್ಳುತ್ತಾರೆ. ಆ ಭಯ ನಿರಾಧಾರವಾಗಿರಲಿಲ್ಲ. 1955ರಲ್ಲಿ ಕೊಲೊರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರನೊಬ್ಬ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಮೃತನಾದನು. ಆತನ ಪತ್ನಿ ಕಾರ್ಮಿಕ ಪರಿಹಾರ ಕೋರಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿರಲಿಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಅದನ್ನು ನಿರಾಕರಿಸಿತು.

ಇಂದು ಆ ಮಾತನ್ನು ಯಾರೂ ಆಡಲಾರರು. ಪುರುಷರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯೊಂದರ ಪ್ರಸಾರ ಒಪ್ಪಂದವನ್ನು 2032ರವರೆಗೆ ವಿಸ್ತರಿಸಲು 2016ರಲ್ಲಿ ನಿಗದಿಯಾದ ಮೊತ್ತವೇ 880 ಕೋಟಿ ಡಾಲರ್.

ಆದರೆ ಬೈಯರ್ಸ್ ರೋಗವನ್ನು ಗುರುತಿಸಿದಷ್ಟು ಸಮರ್ಥವಾಗಿ ಔಷಧವನ್ನು ಸೂಚಿಸಲಿಲ್ಲ. ಇತರ ವಿದ್ಯಾರ್ಥಿಗಳಂತೆ ಆಟಗಾರನೂ ತನ್ನ ಕೌಶಲದಿಂದ ಗಳಿಸಲು ಸ್ವತಂತ್ರನಾಗಿರಲಿ ಎಂಬುದೇ ಅವರ ಮುಖ್ಯ ಪರಿಹಾರ. 2021ರ ಜುಲೈ 1ರಿಂದ ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯುವ ಹಕ್ಕು ಆಟಗಾರರಿಗೆ ದೊರೆಯಿತು. 2025ರ ಜೂನ್ 6ರಂದು ನ್ಯಾಯಾಲಯ ಅಂಗೀಕರಿಸಿದ ರಾಜಿ ಇನ್ನೂ ಮುಂದೆ ಹೋಯಿತು: ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್, ಈಗಿನವರಿಗೆ ಕಾಲೇಜುಗಳೇ ನೇರವಾಗಿ ಹಣ ಕೊಡಲು ಅನುಮತಿ, 2025-26ಕ್ಕೆ ಪ್ರತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ.

ಹಣ ಬಂದಿತು, ಹೊಣೆ ಬಂದಿತೆ? ಆ ರಾಜಿ ಆಟಗಾರನನ್ನು ನೌಕರನೆಂದು ಒಪ್ಪುವುದಿಲ್ಲ. ಮಾರುಕಟ್ಟೆಯಾದರೋ ಹೆಸರಾಂತ ಆಟಗಾರನನ್ನು ಅರಸುತ್ತದೆ. ಮೊಣಕಾಲು ಮುರಿದುಕೊಂಡ ಸಾಮಾನ್ಯ ಆಟಗಾರನನ್ನಲ್ಲ. 2024ರ ಆಗಸ್ಟ್‌ನಿಂದ, ಆಟ ಮುಗಿದ ಬಳಿಕವೂ ಎರಡು ವರ್ಷ ಗಾಯದ ಚಿಕಿತ್ಸೆಗೆ ಸಂಘವು ವಿಮೆ ಒದಗಿಸಿರುವುದು ಶ್ಲಾಘನೀಯ. ಆದರೆ ಅದು ಕೊಡುವವರ ಇಚ್ಛೆಯಿಂದ ಬಂದ ಸವಲತ್ತು. ನೌಕರನು ಕಾನೂನಿನಂತೆ ಕೇಳಿ ಪಡೆಯುವ ಪರಿಹಾರದ ಹಕ್ಕಲ್ಲ.

ಎಲ್ಲರನ್ನೂ ನೌಕರರೆಂದರೆ ಆದಾಯವಿಲ್ಲದ ಈಜು, ಕುಸ್ತಿ ಮುಂತಾದ ಕ್ರೀಡೆಗಳು ನಿಂತುಹೋದಾವೆಂಬ ಕಾಲೇಜುಗಳ ವಾದ ತಳ್ಳಿಹಾಕುವಂತಹುದಲ್ಲ. ಸಂಬಳದ ಪ್ರಮಾಣದಲ್ಲಿ ಕ್ರೀಡೆಯಿಂದ ಕ್ರೀಡೆಗೆ ಭೇದ ಮಾಡಬಹುದು. ಆದರೆ ಮುರಿದ ಮೂಳೆಗೆ ಆ ಭೇದವಿಲ್ಲ. ಲಾಭವನ್ನು ಹಂಚುವ ಮುನ್ನ ಹೊಣೆಗಳನ್ನು ಕಳೆಯಬೇಕೆಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಆದುದರಿಂದ ಕಾಲೇಜು ಕ್ರೀಡೆಯ ಆದಾಯದ ಮೇಲೆ ಮೊದಲ ಹಕ್ಕು ಗಾಯಗೊಂಡವನಿಗೂ ಮೃತನ ಕುಟುಂಬಕ್ಕೂ ಸೇರಬೇಕು. ಖ್ಯಾತನ ಪಾಲು ಅನಂತರದ್ದು. ಅಲ್ಲಿಯವರೆಗೆ, 1957ರಲ್ಲಿ ಬರಿಗೈಯಲ್ಲಿ ಹಿಂದಿರುಗಿದ ಆ ವಿಧವೆಯ ಬೇಡಿಕೆ ಕಾಲೇಜುಗಳ ಲೆಕ್ಕದಲ್ಲಿ ತೀರದ ಬಾಕಿಯಾಗಿಯೇ ಉಳಿಯುತ್ತದೆ.