ತಿರುವಿನ ಹಿಂದಿನ ಕಾರಣ: ಧಾರಾವಾಹಿಗಳ ಪಾತ್ರವಿಚಾರ

ಧಾರಾವಾಹಿಯ ಒಂದು ಕಂತು ಮುಗಿದೊಡನೆ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. 'ನಾಳೆ ಏನಾಗುತ್ತದೆ?' ಎಂಬುದು ಮೊದಲನೆಯದು. 'ಆಕೆ ಹಾಗೇಕೆ ಮಾಡಿದಳು?' ಎಂಬುದು ಎರಡನೆಯದು. ಮೊದಲನೆಯದು ಕುತೂಹಲದ ಪ್ರಶ್ನೆ. ಮರುದಿನದ ಕಂತು ಬಂದೊಡನೆ ಅದಕ್ಕೆ ಉತ್ತರ ದೊರೆತು ಪ್ರಶ್ನೆಯೇ ಮರೆತುಹೋಗುತ್ತದೆ. ಎರಡನೆಯದು ವಿವೇಕದ ಪ್ರಶ್ನೆ. ಅದು ಅಡುಗೆಮನೆಯಲ್ಲಿ, ಜಗಲಿಯ ಮೇಲೆ, ಅಂಗಡಿಯ ಗಲ್ಲಾದ ಬಳಿ ದಿನಗಟ್ಟಲೆ ಚರ್ಚೆಯಾಗುತ್ತಿರುತ್ತದೆ. ಒಂದು ಧಾರಾವಾಹಿಯ ಯೋಗ್ಯತೆಯನ್ನು ತೂಗಿ ನೋಡಬೇಕಾದರೆ, ಅದು ಇವೆರಡರಲ್ಲಿ ಯಾವ ಪ್ರಶ್ನೆಯನ್ನು ನೆಚ್ಚಿಕೊಂಡು ನಿಂತಿದೆ ಎಂಬುದನ್ನು ಮೊದಲು ಪರಿಶೀಲಿಸುವುದು ಯುಕ್ತ.

ಕುತೂಹಲವಿಲ್ಲದೆ ಕಥೆಯೇ ಇಲ್ಲ ಎಂಬ ಮಾತೊಂದು ರೂಢಿಯಲ್ಲಿದೆ. ಆದರೆ ಭಾರತದ ದೂರದರ್ಶನದ ಇತಿಹಾಸ ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ರಾಮಾನಂದ ಸಾಗರರ 'ರಾಮಾಯಣ' 1987ರಲ್ಲಿ ಆರಂಭವಾಗಿ 1988ರವರೆಗೂ, ಬಿ.ಆರ್. ಚೋಪ್ರಾ ಅವರ 'ಮಹಾಭಾರತ' 1988ರಲ್ಲಿ ಆರಂಭವಾಗಿ 1990ರವರೆಗೂ ಪ್ರತಿ ಭಾನುವಾರ ಬೆಳಿಗ್ಗೆ ಪ್ರಸಾರವಾದಾಗ ಬೀದಿಗಳು ಬರಿದಾಗುತ್ತಿದ್ದವು. ನೋಡುತ್ತಿದ್ದವರಲ್ಲಿ ಕಥೆ ತಿಳಿಯದವರು ವಿರಳ. ದ್ಯೂತದಲ್ಲಿ ಸೋಲುವವರು ಯಾರು, ಯುದ್ಧದಲ್ಲಿ ಅಳಿಯುವವರು ಯಾರು ಎಂಬುದು ಮಕ್ಕಳಿಗೂ ಗೊತ್ತಿತ್ತು. ಆದರೂ ಜನ ಕಣ್ಣು ಕೀಳದೆ ಕುಳಿತದ್ದು ಏಕೆ? ರಾಹಿ ಮಾಸೂಮ್ ರಜಾ ಅವರ ಸಂಭಾಷಣೆಯಲ್ಲಿ ದ್ಯೂತಸಭೆಯ ಪ್ರತಿಯೊಬ್ಬ ಹಿರಿಯನ ಮೌನಕ್ಕೂ ಬೇರೆ ಬೇರೆ ಕಾರಣವಿತ್ತು. ಭೀಷ್ಮನ ಬಾಯನ್ನು ಪ್ರತಿಜ್ಞೆ ಕಟ್ಟಿಹಾಕಿತ್ತು. ದ್ರೋಣನನ್ನು ಅನ್ನದ ಋಣ ಹಿಡಿದಿತ್ತು. ಧೃತರಾಷ್ಟ್ರನನ್ನು ಪುತ್ರವ್ಯಾಮೋಹ ಕುರುಡಾಗಿಸಿತ್ತು. ನಡೆಯುವುದೇನೆಂದು ತಿಳಿದಿದ್ದರೂ ನಡೆಯಲು ಬಿಟ್ಟವರ ಅಂತರಂಗವೇನು ಎಂಬುದೇ ನೋಡುಗನನ್ನು ಹಿಡಿದು ನಿಲ್ಲಿಸಿತು.

ಇದಕ್ಕೂ ಮುನ್ನ, 1984–85ರಲ್ಲಿ, ಮನೋಹರ ಶ್ಯಾಮ್ ಜೋಶಿ ಬರೆದ 'ಹಮ್ ಲೋಗ್' ಬಂದಿತ್ತು. ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ಕಾಣಿಸಿಕೊಂಡು ಅಂದಿನ ಪ್ರಸಂಗವನ್ನು ಕುರಿತು ನಾಲ್ಕು ಮಾತು ಆಡುತ್ತಿದ್ದರು. ಪಾತ್ರಗಳು ಮಾಡಿದ್ದು ಸರಿಯೇ, ನೋಡುವವರು ಆ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದರು ಎಂದು ವಿಚಾರಮಾಡಲು ಅಲ್ಲಿ ಎಡೆಯಿತ್ತು. ಆ ಕ್ರಮದಲ್ಲಿ ಉಪದೇಶದ ಭಾರ ತುಸು ಹೆಚ್ಚಾಗಿತ್ತೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೂ ಕಥೆಯ ತಿರುವನ್ನು ತಿರುವಾಗಿಯಷ್ಟೇ ಬಿಡದೆ ಅದರ ಕಾರಣವನ್ನು ಮನೆಮಂದಿಯ ಮುಂದಿಟ್ಟ ಪದ್ಧತಿ ಅದು.

ತಿರುವುಗಳ ಯುಗವೆಂದು ಹೇಳಬಹುದಾದದ್ದು ಆರಂಭವಾದದ್ದು ಖಾಸಗಿ ವಾಹಿನಿಗಳಲ್ಲಿ ದಿನಧಾರಾವಾಹಿಗಳು ಬಂದ ಮೇಲೆ. ಅದಕ್ಕೆ ಹೆಸರಾದದ್ದು ಏಕ್ತಾ ಕಪೂರ್ ನಿರ್ಮಾಣದ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ'. 2000ದ ಜುಲೈಯಿಂದ 2008ರ ನವೆಂಬರ್‌ವರೆಗೆ 1,800ಕ್ಕೂ ಹೆಚ್ಚು ಕಂತುಗಳಲ್ಲಿ ಅದು ನಡೆಯಿತು. 2025ರಲ್ಲಿ ಹೊಸ ಆವೃತ್ತಿಯಾಗಿ ಮತ್ತೆ ಬಂದಿತು. ಕರ್ನಾಟಕದಲ್ಲಿಯೂ ಹಿಂದಿ ಬಲ್ಲ ಮನೆಗಳಲ್ಲಿ ತುಳಸಿ ಮತ್ತು ಮಿಹಿರ್ ನೆಂಟರಷ್ಟೇ ಪರಿಚಿತರಾದರು. ಈ ಒಂದೇ ಧಾರಾವಾಹಿಯಲ್ಲಿ ತಿರುವಿನ ಎರಡು ಮಾದರಿಗಳೂ ದೊರೆಯುವುದರಿಂದ ಅದನ್ನು ಸ್ವಲ್ಪ ನಿಂತು ನೋಡುವುದು ಉಚಿತ.

2001ರಲ್ಲಿ ನಾಯಕ ಮಿಹಿರ್ ಸತ್ತನೆಂದು ತೋರಿಸಲಾಯಿತು. ನೋಡುಗರ ದುಃಖ ಮತ್ತು ಪ್ರತಿಭಟನೆ ಎಷ್ಟಿತ್ತೆಂದರೆ ಅದೇ ಒಂದು ಸುದ್ದಿಯಾಯಿತು. ಮುಂದೆ ಅವನನ್ನು ಬದುಕಿಸಿ, ನೆನಪು ಕಳೆದುಕೊಂಡವನನ್ನಾಗಿ ಕರೆತರಲಾಯಿತು. ಆ ಸಾವಿಗೆ ಮಿಹಿರನ ಸ್ವಭಾವದಲ್ಲಿ ಯಾವ ಬೀಜವೂ ಇರಲಿಲ್ಲ. ಮರಳಿ ಬಂದುದಕ್ಕೂ ಇರಲಿಲ್ಲ. ಅದು ಕಥೆಯ ಹೊರಗಿನಿಂದ ಬಂದ ತೀರ್ಮಾನ. ಅದಕ್ಕಿಂತ ಹೆಚ್ಚಿನ ಹಾನಿಯೆಂದರೆ, ವಿಧವೆಯಾದ ತುಳಸಿ ಅನುಭವಿಸಿದ ಶೋಕ, ಆ ಶೋಕದಲ್ಲಿ ಆಕೆ ತೋರಿದ ಧೈರ್ಯ, ಇವೆಲ್ಲ ಹಿಂದಿನಿಂದಲೇ ಅಳಿಸಿಹೋದವು. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಖರ್ಚು ಬರೆದು, ರಸೀದಿ ಕೊಟ್ಟು, ಆಮೇಲೆ ಆ ಪುಟವನ್ನೇ ಹರಿದುಹಾಕಿದಂತೆ.

ಅದೇ ಧಾರಾವಾಹಿಯ ಇನ್ನೊಂದು ತಿರುವನ್ನು ನೋಡಬೇಕು. ತುಳಸಿಯ ಮಗ ಅಂಶ್ ತನ್ನ ಹೆಂಡತಿ ನಂದಿನಿಯ ಮೇಲೆ ಬಲಾತ್ಕಾರ ನಡೆಸುತ್ತಾನೆ. ತಾಯಿ ಮಗನ ಪರವಾಗಿ ನಿಲ್ಲದೆ ಸೊಸೆಯ ಪರವಾಗಿ ನಿಲ್ಲುತ್ತಾಳೆ. ಕೊನೆಗೆ ಅವಳೇ ಮಗನನ್ನು ಗುಂಡಿಕ್ಕಿ ಕೊಲ್ಲುತ್ತಾಳೆ. ಈ ಹಿಂಸೆಯನ್ನು ಯಾವ ಶ್ರಾವಕನೂ ಅನುಮೋದಿಸಲಾರ; ಧಾರಾವಾಹಿ ಅದನ್ನು ಕೆಚ್ಚಿನ ಕಾರ್ಯವೆಂಬಂತೆ ಮೆರೆಸಿದ್ದನ್ನು ಒಪ್ಪಬೇಕಾದುದೂ ಇಲ್ಲ. ಆದರೆ ಕಥಾಶಿಲ್ಪದ ದೃಷ್ಟಿಯಿಂದ ನೋಡಿದರೆ ಇದು ಆಕಾಶದಿಂದ ಬಿದ್ದ ತಿರುವಲ್ಲ. ಸೊಸೆಯಾಗಿ ಮನೆಗೆ ಬಂದ ದಿನದಿಂದ ತುಳಸಿ ರಕ್ತಸಂಬಂಧಕ್ಕಿಂತ ನ್ಯಾಯವನ್ನು ಮೇಲೆಂದು ಭಾವಿಸಿದವಳು. ಅದರ ಬೆಲೆಯನ್ನು ಇಲ್ಲಿ ಅವಳೇ ತೆರಬೇಕಾಯಿತು. ನೋಡುಗ ಬೆಚ್ಚಿಬೀಳುತ್ತಾನೆ, ಬೆಚ್ಚಿದ ಮೇಲೆ ಹಿಂದಿನ ಕಂತುಗಳನ್ನು ನೆನೆದರೆ ಅವು ಸುಳ್ಳಾಗುವುದಿಲ್ಲ, ಇನ್ನಷ್ಟು ಅರ್ಥವತ್ತಾಗುತ್ತವೆ.

ಒಳ್ಳೆಯ ತಿರುವಿಗೆ ಇದರಿಂದ ಎರಡು ಲಕ್ಷಣಗಳನ್ನು ಹೇಳಬಹುದು. ಮೊದಲನೆಯದು, ಅದರ ಕಾರಣ ಪಾತ್ರದ ಸ್ವಭಾವದಲ್ಲಿ ಮೊದಲೇ ಅಡಗಿರಬೇಕು. ಎರಡನೆಯದು, ಅದರ ಫಲವನ್ನು ಆ ಪಾತ್ರ ಅನುಭವಿಸಬೇಕು. ಕಾರಣವೂ ಇಲ್ಲದ, ಫಲವೂ ಇಲ್ಲದ ಘಟನೆ ತಿರುವಲ್ಲ, ಬರಿಯ ಸದ್ದು.

ಇಂಥ ಸದ್ದು ಹೆಚ್ಚುವುದಕ್ಕೆ ವ್ಯವಹಾರದ ಕಾರಣಗಳಿವೆ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದು ಕಥೆಗೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಐದಾರು ಕಂತು ಬೇಕು. 2015ರಿಂದ ಬಾರ್ಕ್ ಸಂಸ್ಥೆ ವಾರವಾರವೂ ವೀಕ್ಷಕರ ಲೆಕ್ಕ ಕೊಡುತ್ತದೆ. ಅದಕ್ಕೆ ಮೊದಲು ಬೇರೆ ಸಂಸ್ಥೆ ಆ ಲೆಕ್ಕ ಕೊಡುತ್ತಿತ್ತು. ಅಂಕಿ ಇಳಿದೊಡನೆ ಕಥೆಯಲ್ಲಿ ಅಪಘಾತವಾಗುತ್ತದೆ; ನಟ ಬಿಟ್ಟುಹೋದರೆ ಪಾತ್ರ ಸಾಯುತ್ತದೆ, ಇಲ್ಲವೇ ಅದರ ಮುಖವೇ ಬದಲಾಗುತ್ತದೆ. ಮಿಹಿರನ ಪಾತ್ರವನ್ನೇ ಮುಂದೆ ಬೇರೆ ನಟರು ವಹಿಸಿದರು. ಬಂಡವಾಳ ಹೂಡಿದವರು ಲಾಭ ನೋಡುವುದು ಅಪರಾಧವಲ್ಲ. ಆದರೆ ಮಾಲಿನ ತೂಕ ಕಡಿಮೆಯಾದಾಗ ಹೊದಿಕೆಯ ಕಾಗದವನ್ನು ದಪ್ಪ ಮಾಡಿ ತೂಗುವುದನ್ನು ಯಾವ ಪೇಟೆಯೂ ಪ್ರಾಮಾಣಿಕ ವ್ಯಾಪಾರವೆನ್ನುವುದಿಲ್ಲ.

ಈ ದೋಷ ಭಾರತಕ್ಕಷ್ಟೇ ಸೀಮಿತವಾದುದಲ್ಲ. ಅಮೆರಿಕದ 'ಡಲ್ಲಾಸ್' ಧಾರಾವಾಹಿಯಲ್ಲಿ 1980ರ ಮಾರ್ಚ್ ತಿಂಗಳಲ್ಲಿ ತೈಲೋದ್ಯಮಿ ಜೆ.ಆರ್. ಯೂಯಿಂಗ್‌ಗೆ ಯಾರೋ ಗುಂಡು ಹೊಡೆದರು. ಹೊಡೆದವರು ಯಾರೆಂದು ತಿಳಿಯಲು ಜನ ನವೆಂಬರ್‌ವರೆಗೆ ಕಾಯಬೇಕಾಯಿತು. ಹೊಡೆದವಳು ಅವನ ಹೆಂಡತಿಯ ತಂಗಿ, ಅವನಿಂದಲೇ ವಂಚಿತಳಾದವಳು. ಜೆ.ಆರ್. ಎಷ್ಟು ಜನರನ್ನು ನೋಯಿಸಿದ್ದನೆಂದರೆ ಯಾರ ಮೇಲೆ ಸಂಶಯಪಟ್ಟರೂ ಅದಕ್ಕೆ ಕಾರಣ ಸಿಗುತ್ತಿತ್ತು. ಅವನ ಮೋಸಗಳ ಪಟ್ಟಿಯೇ ಸಂಶಯಿತರ ಪಟ್ಟಿಯಾಗಿತ್ತು. ಆದ್ದರಿಂದ ಅದು ಸಮರ್ಥವಾದ ತಿರುವು. ಆದರೆ 1985ರಲ್ಲಿ ಸತ್ತ ಅವನ ತಮ್ಮ ಬಾಬಿ 1986ರಲ್ಲಿ ಸ್ನಾನದ ಮನೆಯಿಂದ ಹೊರಬಂದ! ನಡುವಿನ ಒಂದು ವರ್ಷದ ಕಂತುಗಳೆಲ್ಲವೂ ಅವನ ಮಾಜಿ ಹೆಂಡತಿ ಪ್ಯಾಮ್ ಕಂಡ ಕನಸು ಎಂದುಬಿಟ್ಟರು. ಒಂದು ವರ್ಷದ ಕಣ್ಣೀರು, ಕೋಪ, ಕ್ಷಮೆ ಎಲ್ಲವೂ ಒಂದು ಮಾತಿನಲ್ಲಿ ಲೆಕ್ಕದಿಂದ ಹೊರಗಾದವು.

ಕನಸಿನ ಮಾತು ಬಂದಾಗ ಕನ್ನಡ ಓದುಗನಿಗೆ ಜನ್ನ ನೆನಪಾಗದಿರನು. 1209ರಲ್ಲಿ ರಚಿತವಾದ 'ಯಶೋಧರ ಚರಿತೆ'ಯಲ್ಲಿಯೂ ಒಂದು ಕನಸಿದೆ. ಅದು ಸುಳ್ಳು ಕನಸು. ರಾಣಿ ಅಮೃತಮತಿ ಇರುಳಿನಲ್ಲಿ ಮಾವುತನ ಹಾಡು ಕೇಳಿ ಅವನಿಗೆ ಮನಸೋಲುತ್ತಾಳೆ. ಅವನ ಕುರೂಪ ಕಂಡ ಮೇಲೂ ಅವಳ ಒಲವು ತಿರುಗುವುದಿಲ್ಲ. ಇದನ್ನು ಕಣ್ಣಾರೆ ಕಂಡ ಯಶೋಧರ ಕತ್ತಿ ಎತ್ತಿಯೂ ಕೊಲ್ಲದೆ ಹಿಂದಿರುಗುತ್ತಾನೆ. ಬೆಳಗಾದ ಮೇಲೆ ತಾಯಿಯ ಮುಂದೆ ನಿಜವನ್ನು ಹೇಳಲು ನಾಚಿ, ಕೆಟ್ಟ ಕನಸು ಕಂಡೆನೆನ್ನುತ್ತಾನೆ. ತಾಯಿ ಬಲಿಯಿಂದ ಶಾಂತಿಯಾಗಲಿ ಎನ್ನುತ್ತಾಳೆ. ಮಗ ಜೀವಹಿಂಸೆಗೆ ಒಪ್ಪದಿರಲು, ಹಿಟ್ಟಿನ ಕೋಳಿಯನ್ನು ಬಲಿಕೊಡುವ ನಡುದಾರಿ ಸಿದ್ಧವಾಗುತ್ತದೆ. ಅಷ್ಟರಲ್ಲಿಯೇ ರಾಣಿಗೆ ಸುಳಿವು ದೊರೆತು ತಾಯಿ ಮಗ ಇಬ್ಬರೂ ವಿಷಕ್ಕೆ ಬಲಿಯಾಗುತ್ತಾರೆ. ಸಂಕಲ್ಪದ ಹಿಂಸೆಗೆ ಹಲವು ಜನ್ಮಗಳ ದುಃಖ ತೆರುತ್ತಾರೆ. ಎಂಟು ಶತಮಾನಗಳ ಹಿಂದಿನ ಈ ಕಾವ್ಯದಲ್ಲಿ ಇಂದಿನ ಯಾವ ಧಾರಾವಾಹಿಗೂ ಕಡಿಮೆಯಿಲ್ಲದಷ್ಟು ತಿರುವುಗಳಿವೆ. ಪ್ರತಿಯೊಂದೂ ಹಿಂದಿನದರ ಹೊಟ್ಟೆಯಿಂದಲೇ ಹುಟ್ಟಿದ್ದು. 'ಡಲ್ಲಾಸ್'ನಲ್ಲಿ ಕನಸು ನಡೆದುದನ್ನೆಲ್ಲ ಅಳಿಸುತ್ತದೆ. ಜನ್ನನಲ್ಲಿ ಕನಸೆಂದು ಹೇಳಿದ ಒಂದು ಸಣ್ಣ ಸುಳ್ಳನ್ನು ಜನ್ಮಾಂತರಗಳೂ ಅಳಿಸಲಾರದೆ ಹೋಗುತ್ತವೆ.

ಇನ್ನು ಖಳಪಾತ್ರಗಳ ವಿಚಾರ. ದಿನಧಾರಾವಾಹಿಗಳಲ್ಲಿ ದುಷ್ಟ ಸ್ತ್ರೀಯ ಪಾತ್ರವೊಂದು ಅನಿವಾರ್ಯವೆಂಬಂತಾಗಿದೆ. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಾಳೆ, ಹಾಲಿನಲ್ಲಿ ಏನನ್ನೋ ಬೆರೆಸುತ್ತಾಳೆ, ಕಾಗದಪತ್ರಗಳನ್ನು ಅಡಗಿಸುತ್ತಾಳೆ. ಏಕೆ? ಬಹಳ ಸಲ ಉತ್ತರವಿಲ್ಲ; ಅವಳು ಕೆಟ್ಟವಳು, ಅಷ್ಟೇ. ಇದು ಪಾತ್ರಕ್ಕಷ್ಟೇ ಅಲ್ಲ, ಮನುಷ್ಯಸ್ವಭಾವಕ್ಕೂ ಮಾಡುವ ಅನ್ಯಾಯ. ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದ ರಾವಣನನ್ನು ಇದಕ್ಕೆ ಹೋಲಿಸಿ ನೋಡಬಹುದು. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ತೊಟ್ಟವನು ಅವನು. ಸೀತೆ ಮೂರ್ಛೆ ಹೋದುದನ್ನು ಕಂಡು ಪಶ್ಚಾತ್ತಾಪಗೊಂಡು ಅವಳನ್ನು ಮರಳಿ ಒಪ್ಪಿಸಲು ನಿರ್ಧರಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕ ಅಂಜಿದನೆನ್ನುವುದು; ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುವೆನೆಂದುಕೊಳ್ಳುತ್ತಾನೆ. ಕಾಮ ಕಳಚಿತು, ಮಾನಕಷಾಯ ಕಳಚಲಿಲ್ಲ. ಅದೇ ಅವನನ್ನು ಕೊಂದಿತು. ಓದುಗ ಅವನನ್ನು ಸಮರ್ಥಿಸುವುದಿಲ್ಲ, ಆದರೆ ಅರ್ಥಮಾಡಿಕೊಳ್ಳುತ್ತಾನೆ.

ಕನ್ನಡದ ಕಿರುತೆರೆಯಲ್ಲಿ ಈ ದಾರಿಯನ್ನು ಬಿಡದೆ ನಡೆದವರೂ ಇದ್ದಾರೆಂಬುದು ಸಮಾಧಾನದ ಸಂಗತಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರು ಕೂಡಿ ನಿರ್ದೇಶಿಸಿದ 'ಮಾಯಾಮೃಗ' 1998ರಲ್ಲಿ ದೂರದರ್ಶನದಲ್ಲಿ ಬಂದಾಗ ಮಧ್ಯಮವರ್ಗದ ಮನೆಗಳು ತಮ್ಮನ್ನೇ ಅದರಲ್ಲಿ ಕಂಡುಕೊಂಡವು. ಸೀತಾರಾಮ್ ಅವರ ಮುಂದಿನ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳು ಪ್ರಸಿದ್ಧವಾದವು, ವಕೀಲ ಸಿ.ಎಸ್.ಪಿ.ಯ ಪಾತ್ರವನ್ನು ಅವರೇ ವಹಿಸಿದರು. ಪಾಟೀಸವಾಲೆಂದರೆ ಕಾರಣಗಳ ಶೋಧನೆಯೇ. ಸಾಕ್ಷಿ ಹೇಳುವವನು ಏನು ಕಂಡ ಎಂಬುದರ ಜೊತೆಗೆ ಅದನ್ನು ಈಗ ಏಕೆ ಹೇಳುತ್ತಿದ್ದಾನೆ ಎಂಬುದೂ ಅಲ್ಲಿ ಹೊರಬರುತ್ತದೆ. ಮಾತಿನ ಬಲದಿಂದಲೇ ಕಥೆ ತಿರುಗಬಲ್ಲದೆಂಬುದಕ್ಕೆ ಆ ದೃಶ್ಯಗಳು ನಿದರ್ಶನ.

ಇದೆಲ್ಲ ಬರಿಯ ಮನರಂಜನೆ, ಇದಕ್ಕೆ ಇಷ್ಟು ವಿಮರ್ಶೆ ಏಕೆ ಎಂದು ಕೇಳುವವರುಂಟು. ಜೀವನದಲ್ಲಿಯೂ ಅಪಘಾತಗಳು ಕಾರಣ ಹೇಳದೆ ಬರುತ್ತವಲ್ಲ ಎನ್ನುವವರೂ ಉಂಟು. ಎರಡನೆಯ ಮಾತು ವಿಚಾರಾರ್ಹ. ಅಪಘಾತದಿಂದ ಕಥೆ ಆರಂಭವಾಗಬಹುದು. ಆ ಕಷ್ಟದಲ್ಲಿ ಮನುಷ್ಯ ಹೇಗೆ ನಡೆದುಕೊಂಡ ಎಂಬುದೇ ಒಳ್ಳೆಯ ವಸ್ತು. ಆದರೆ ಪಾತ್ರಗಳು ತಾವೇ ಕಟ್ಟಿಕೊಂಡ ಗಂಟನ್ನು ಬಿಚ್ಚಲಾಗದಾಗ ಅಪಘಾತವನ್ನು ಕರೆತಂದು ಕತ್ತರಿಸುವುದು ಕಥೆಗಾರನ ಸೋಲು.

ಮೊದಲನೆಯ ಮಾತಿಗೆ ಉತ್ತರ ಮನೆಗಳಲ್ಲಿಯೇ ಇದೆ. ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಕುಳಿತು ಅತ್ತೆ ಸೊಸೆಯರ ಕಥೆ ನೋಡುತ್ತಾರೆ. ಕಾರಣವಿಲ್ಲದ ಕೇಡನ್ನು ವಾರಕ್ಕೆ ಐದು ದಿನ ನೋಡಿ ರೂಢಿಯಾದ ಕಣ್ಣು, ಪಕ್ಕದಲ್ಲಿ ಕುಳಿತವರಲ್ಲಿಯೂ ಅದನ್ನೇ ಹುಡುಕತೊಡಗುತ್ತದೆ. ಸೊಸೆ ದೂರವಾಣಿಯಲ್ಲಿ ಮೆಲುದನಿಯಲ್ಲಿ ಮಾತಾಡಿದರೆ ಅದು ಸಂಚು; ಅತ್ತೆ ಬೀಗದಕೈಯನ್ನು ಬೇರೆಡೆ ಇಟ್ಟರೆ ಅದು ಅಪನಂಬಿಕೆ. ನಿಜವಾಗಿ ಸೊಸೆ ತವರಿನ ಕಷ್ಟವನ್ನು ಕೇಳುತ್ತಿರಬಹುದು. ಅತ್ತೆಗೆ ಬರಿಯ ಮರೆವಿರಬಹುದು. ಒಂದೇ ವಸ್ತುವನ್ನು ಹಲವು ನೆಲೆಗಳಿಂದ ನೋಡಬೇಕೆಂಬ ಅನೇಕಾಂತ ದೃಷ್ಟಿ ವ್ಯಾಖ್ಯಾನಗ್ರಂಥಗಳಲ್ಲಷ್ಟೇ ಉಳಿಯದೆ ಉಪಯೋಗಕ್ಕೆ ಬರಬೇಕಾದ ಸ್ಥಳ ಇಂಥದೇ. ಪಾತ್ರದ ಕಾರಣವನ್ನು ಕೇಳಲು ಕಲಿತವರು ಮನುಷ್ಯರ ಕಾರಣವನ್ನೂ ಕೇಳುತ್ತಾರೆ.

ಆದ್ದರಿಂದ ಧಾರಾವಾಹಿಯನ್ನು ಮನೆಯಿಂದ ಹೊರಹಾಕಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ನೋಡಿದ ಮೇಲೆ ಪೆಟ್ಟಿಗೆಯನ್ನು ಆರಿಸಿ ಹತ್ತು ನಿಮಿಷ ಕೂಡಿ ಮಾತಾಡುವ ಪದ್ಧತಿ ಬೆಳೆದರೆ ಸಾಕು. ಈ ಪಾತ್ರ ಇದನ್ನು ಏಕೆ ಮಾಡಿತು? ಹಿಂದೆ ಅದರ ಗುರುತಿತ್ತೇ? ಇದರ ಫಲ ಯಾರಿಗೆ ತಟ್ಟುತ್ತದೆ? ಮಕ್ಕಳು ಈ ಪ್ರಶ್ನೆಗಳಿಗೆ ಹಿರಿಯರಿಗಿಂತ ಚುರುಕಾಗಿ ಉತ್ತರ ಹೇಳುತ್ತಾರೆ. ಉತ್ತರ ದೊರೆಯದ ಧಾರಾವಾಹಿಯನ್ನು ಮರುದಿನ ಯಾರೂ ಹೇಳದೆಯೇ ಅವರು ಬಿಟ್ಟಾರು. ದೊರೆತದ್ದನ್ನು ಹಿರಿಯರೂ ಅವರೊಡನೆ ಕುಳಿತು ನೋಡಬಹುದು.