ಯಾವ ಇಟಾಲಿಯನ್ನಿಗೆ ಮನೆ? ಕಾಸಾ ಇಟಾಲಿಯಾನಾ: ಒಂದು ಭಾಷಾವೈಜ್ಞಾನಿಕ ವಿಮರ್ಶೆ

ಒಂದು ಸಂಸ್ಕೃತಿಯ ಅಧ್ಯಯನಕ್ಕೆಂದೇ ವಿಶ್ವವಿದ್ಯಾಲಯವೊಂದು ಸಂಶೋಧನ ಸಂಸ್ಥೆಯನ್ನು ಕಟ್ಟಿದಾಗ, ಆ ಸಂಸ್ಕೃತಿಯ ಭಾಷೆಯ ಯಾವ ರೂಪ ಅಧ್ಯಯನಯೋಗ್ಯ ಎಂಬ ತೀರ್ಮಾನವೂ ಅದರೊಡನೆಯೇ ಆಗಿಹೋಗಿರುತ್ತದೆ. ಈ ತೀರ್ಮಾನವನ್ನು ಸಂಸ್ಥೆಗಳು ಬಾಯಿಬಿಟ್ಟು ಹೇಳುವುದು ವಿರಳ. ಅವು ಸಂಗ್ರಹಿಸಿದ ಮತ್ತು ಸಂಗ್ರಹಿಸದೆ ಬಿಟ್ಟ ಸಾಮಗ್ರಿಯಿಂದ ನಾವದನ್ನು ಊಹಿಸಬೇಕಾಗುತ್ತದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಸಾ ಇಟಾಲಿಯಾನಾವನ್ನು ಪ್ರಸ್ತುತ ಲೇಖನದಲ್ಲಿ ನಾವು ಈ ದೃಷ್ಟಿಯಿಂದ ಪರಿಶೀಲಿಸುತ್ತೇವೆ. ನಮ್ಮ ವಾದವಿಷ್ಟು: ಈ ಸಂಸ್ಥೆ ಇಟಾಲಿಯನ್ ಭಾಷೆಗೆ ಗೌರವದ ನೆಲೆಯೊಂದನ್ನು ಒದಗಿಸಿತು, ಆದರೆ ಆ ನೆಲೆಯನ್ನು ಕಟ್ಟಿದವರ ಆಡುಮಾತನ್ನು ತನ್ನ ಸಂಶೋಧನೆಯ ವಸ್ತುವಾಗಿಸಿಕೊಳ್ಳಲಿಲ್ಲ. ಹೀಗಾಗಿ ಭಾಷಾ ಸಂಪರ್ಕದ ಅಧ್ಯಯನಕ್ಕೆ ಒದಗಬಹುದಾಗಿದ್ದ ಅಮೂಲ್ಯ ಆಕರವೊಂದು ಬಹುಮಟ್ಟಿಗೆ ಕೈತಪ್ಪಿತು.

'ಕಾಸಾ' ಎಂದರೆ ಮನೆ. ಮಕ್ಕಿಮ್, ಮೀಡ್ ಮತ್ತು ವೈಟ್ ವಾಸ್ತುಶಿಲ್ಪ ಸಂಸ್ಥೆ ರೂಪಿಸಿದ ಈ ಕಟ್ಟಡ 1927ರಲ್ಲಿ ಆರಂಭಗೊಂಡಿತು. ಅದರ ಮುಖಭಾಗ ನವೋದಯ ಕಾಲದ ಅರಮನೆಯದು. ಅದನ್ನು ಕಟ್ಟಿಸಿಕೊಟ್ಟ ಪತೆರ್ನೊ ಸಹೋದರರು ಮತ್ತು ಕಂಪಾನ್ಯಾ ದಕ್ಷಿಣ ಇಟಲಿಯ ಬೆಟ್ಟದೂರಾದ ಕಸ್ತೆಲ್ಮೆಜ್ಜಾನೊದಿಂದ ಬಂದ ವಲಸಿಗ ಕುಟುಂಬಗಳವರು. ಆ ಸೀಮೆಯ ಮನೆಮಾತು ಟಸ್ಕನ್ ಮೂಲದ ಶಿಷ್ಟ ಇಟಾಲಿಯನ್ ಅಲ್ಲ. 1880ರಿಂದ 1920ರವರೆಗೆ ಅಮೆರಿಕಕ್ಕೆ ಬಂದಿಳಿದ ಸುಮಾರು 40 ಲಕ್ಷ ಇಟಾಲಿಯನ್ನರಲ್ಲಿ ಬಹುಪಾಲು ಜನರ ಸ್ಥಿತಿಯೂ ಇದೇ ಆಗಿತ್ತು. 1861ರಲ್ಲಿ ಇಟಲಿ ಏಕೀಕರಣಗೊಂಡಾಗ ಶಿಷ್ಟ ಭಾಷೆಯನ್ನು ಬಳಸಬಲ್ಲವರು ಶೇ. 2.5ರಷ್ಟು ಮಾತ್ರ ಎಂದು ತುಲ್ಲಿಯೊ ದೆ ಮಾವ್ರೊ ಅಂದಾಜಿಸಿದರು. ಅರಿಗೊ ಕಸ್ತೆಲ್ಲಾನಿ ಅದನ್ನು ಶೇ. 10ರ ಆಸುಪಾಸಿಗೆ ಏರಿಸಿದರು. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಕಾಸಾದಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿದ್ದ ಪೂರ್ವ ಹಾರ್ಲೆಮ್‌ನ ಇಟಾಲಿಯನ್ ಮನೆಗಳಲ್ಲಿ ಕೇಳುತ್ತಿದ್ದುದು ನೇಪಲ್ಸ್, ಸಿಸಿಲಿ, ಬೆಸಿಲಿಕಾಟಾ ಮೊದಲಾದ ಪ್ರಾಂತಗಳ ಮಾತುಗಳೇ.

ಈ ಮಾತುಗಳು ಪರಸ್ಪರ ಬೆರೆತು, ಇಂಗ್ಲಿಷಿನಿಂದ ಧಾರಾಳವಾಗಿ ಎರವಲು ಪಡೆದು, ಹೊಸದೊಂದು ಬಳಕೆಯ ಭಾಷೆಯಾಗಿ ರೂಪುಗೊಂಡವು. ಕೆಲಸಕ್ಕೆ 'ಜೊಬ್ಬ', ಯಜಮಾನನಿಗೆ 'ಬೊಸ್ಸೊ', ಅಂಗಡಿಗೆ 'ಸ್ತೋರೊ', ಟ್ರಕ್ಕಿಗೆ 'ತ್ರೊಕ್ಕೊ'. ಕನ್ನಡದ ಓದುಗರಿಗೆ ಈ ಪ್ರಕ್ರಿಯೆ ಅಪರಿಚಿತವಲ್ಲ. ನಮ್ಮಲ್ಲೂ ಹ್ರಸ್ವಸ್ವರದ ಮುಂದಿನ ಕೊನೆಯ ವ್ಯಂಜನ ದ್ವಿತ್ವಗೊಂಡು ಸ್ವರಾಂತವಾಗುತ್ತದೆ: ಬಸ್ಸು, ಪೆನ್ನು. ದೀರ್ಘಸ್ವರದ ಮುಂದೆ ದ್ವಿತ್ವವಿಲ್ಲ: ಕಾರು. 'ಬೊಸ್ಸೊ' ಮತ್ತು 'ಸ್ತೋರೊ'ಗಳ ನಡುವಿನ ಭೇದವೂ ಇದೇ ಜಾಡಿನದು. ಆದರೆ ಕನ್ನಡ ಎದುರಿಸದ ಸಮಸ್ಯೆಯೊಂದನ್ನು ಇಟಾಲಿಯನ್ ಎದುರಿಸಬೇಕು. ನಮ್ಮಲ್ಲಿ ನಿರ್ಜೀವ ವಸ್ತುಗಳೆಲ್ಲ ನಪುಂಸಕ. ಅಲ್ಲಿ ಪ್ರತಿಯೊಂದು ಎರವಲಿಗೂ ಸ್ತ್ರೀಲಿಂಗ ಇಲ್ಲವೇ ಪುಲ್ಲಿಂಗವನ್ನು ನಿಗದಿಪಡಿಸಲೇಬೇಕು. 'ಜೊಬ್ಬ' ಸ್ತ್ರೀಲಿಂಗಕ್ಕೂ 'ಸ್ತೋರೊ' ಪುಲ್ಲಿಂಗಕ್ಕೂ ಸೇರಿದ್ದೇಕೆ? ಅರ್ಥವಿಸ್ತರಣೆಯ ನಿದರ್ಶನಗಳೂ ಇದ್ದವು: ಹೊಲ–ತೋಟಗಳ ಆಸ್ತಿಯನ್ನು ಸೂಚಿಸುತ್ತಿದ್ದ 'ಫತ್ತೊರಿಯಾ' ಅಮೆರಿಕದಲ್ಲಿ ಕಾರ್ಖಾನೆಯಾಯಿತು. ಇಂತಹ ಪ್ರಶ್ನೆಗಳನ್ನು ಇತ್ಯರ್ಥಪಡಿಸಲು ಬಿಡಿ ಪದಗಳ ಪಟ್ಟಿ ಸಾಲದು. ಭಾಷಿಕನ ಊರು, ವಯಸ್ಸು, ವೃತ್ತಿಗಳ ವಿವರದೊಡನೆ ದಾಖಲಾದ ಸಹಜ ಸಂಭಾಷಣೆ ಬೇಕು.

ಭಾಷಾ ಸಂಪರ್ಕದ ಶಾಸ್ತ್ರವೇ ಬೆಳೆದಿರದ ಕಾಲದ ಸಂಸ್ಥೆಯನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಇದಕ್ಕೆ ಉತ್ತರ ಕೊಲಂಬಿಯಾದ ಆವರಣದಲ್ಲೇ ಇದೆ. ಅಲ್ಲಿ ಇಟಾಲಿಯನ್ ಬೋಧಿಸಿದ ಆರ್ಥರ್ ಲಿವಿಂಗ್‌ಸ್ಟನ್ ವಲಸಿಗರ ಈ ಮಿಶ್ರ ಭಾಷೆಯನ್ನು ಕುರಿತ ಲೇಖನವನ್ನು 1918ರಷ್ಟು ಹಿಂದೆಯೇ, ಅದೇ ವಿಶ್ವವಿದ್ಯಾಲಯದ 'ರೊಮ್ಯಾನಿಕ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಮಾದರಿ ಇತ್ತು, ಅದನ್ನು ಮುಂದುವರಿಸುವ ಸಂಕಲ್ಪ ಸಂಸ್ಥೆಗೆ ಬರಲಿಲ್ಲ.

1930ರಿಂದ 1940ರವರೆಗೆ ನಿರ್ದೇಶಕರಾಗಿದ್ದ ಜುಸೆಪ್ಪೆ ಪ್ರೆತ್ಸೊಲೀನಿಯವರ ಕಾಲವನ್ನು ವಿಮರ್ಶಕರು ಸಾಮಾನ್ಯವಾಗಿ ರಾಜಕೀಯದ ಕಣ್ಣಿನಿಂದ ನೋಡುತ್ತಾರೆ. ಸಂಸ್ಥೆ ಫ್ಯಾಸಿಸ್ಟ್ ಪ್ರಚಾರಕ್ಕೆ ನೆಲೆಯಾಗಿದೆ ಎಂದು 'ದಿ ನೇಷನ್' ವಾರಪತ್ರಿಕೆ 1934ರಲ್ಲಿ ಆರೋಪಿಸಿತು. ಸಂಸ್ಥೆ ಅದನ್ನು ನಿರಾಕರಿಸಿತು. ಆ ವಿವಾದದ ಗದ್ದಲದಲ್ಲಿ ಭಾಷೆಯ ಪ್ರಶ್ನೆ ಮರೆಯಾಗಿದೆ. ಪ್ರೆತ್ಸೊಲೀನಿಯವರ ಮಹತ್ತ್ವದ ವಿದ್ವತ್ಕಾರ್ಯ, 1902ರಿಂದ 1932ರವರೆಗಿನ ಇಟಾಲಿಯನ್ ಸಾಹಿತ್ಯಚರಿತ್ರೆ ಮತ್ತು ವಿಮರ್ಶೆಗಳ ಬೃಹತ್ ಗ್ರಂಥಸೂಚಿ. ಅದರ ಉಪಯುಕ್ತತೆಯನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ 'ಜೊಬ್ಬ'ದ ಭಾಷೆಯ ಬಗ್ಗೆ ಅವರು 1939ರಲ್ಲಿ ಫ್ಲಾರೆನ್ಸಿನ 'ಲಿಂಗುವಾ ನೋಸ್ತ್ರಾ' ಪತ್ರಿಕೆಗೆ ಬರೆದದ್ದು ಒಂದು ಕಿರುಲೇಖನ. ಮುದ್ರಿತ ಸಾಹಿತ್ಯಕ್ಕೆ ಸಂಪುಟಗಳು, ಆಡುಮಾತಿಗೆ ಕೆಲವೇ ಪುಟಗಳು. ವಲಸಿಗರ ಮಾತು ನಿರ್ದೇಶಕರ ಕಿವಿಗೆ ಬಿದ್ದಿತ್ತು ಎಂಬುದನ್ನು ಆ ಪುಟಗಳು ಸಾಬೀತುಪಡಿಸುತ್ತವೆ. ಸಂಸ್ಥೆಯ ಆದ್ಯತೆ ಏನಿತ್ತೆಂಬುದನ್ನೂ ಅವೇ ತೋರಿಸುತ್ತವೆ.

ಇದೇ ಕಟ್ಟಡದಲ್ಲಿ ಬೇರೊಂದು ಧ್ವನಿಯೂ ಇತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಬೆಸಿಲಿಕಾಟಾದ ಅವಿಲ್ಯಾನೊದಲ್ಲಿ ಹುಟ್ಟಿ ಪೂರ್ವ ಹಾರ್ಲೆಮ್‌ನಲ್ಲಿ ಬೆಳೆದ ಶಿಕ್ಷಕ ಲಿಯೊನಾರ್ಡ್ ಕೊವೆಲ್ಲೊ, ಕಾಸಾದ ಶೈಕ್ಷಣಿಕ ವಿಭಾಗವನ್ನು 1930ರ ದಶಕದಲ್ಲಿ ಮುನ್ನಡೆಸಿ ವಲಸಿಗ ಸಮುದಾಯದ ಬಗ್ಗೆ ಅಂಕಿಅಂಶಗಳನ್ನು ಕಲೆಹಾಕಿದರು. ನ್ಯೂಯಾರ್ಕಿನ ಪ್ರೌಢಶಾಲೆಗಳಲ್ಲಿ ಇಟಾಲಿಯನ್ನಿಗೆ ಇತರ ಆಧುನಿಕ ಭಾಷೆಗಳಿಗೆ ಸಮನಾದ ಸ್ಥಾನವನ್ನು 1922ರಲ್ಲಿ ದೊರಕಿಸಿದ ಹೋರಾಟದಲ್ಲೂ ಅವರ ಪಾತ್ರ ದೊಡ್ಡದು. ಆದರೂ ಶಾಲೆ ಕಲಿಸಿದ್ದು ಶಿಷ್ಟ ಇಟಾಲಿಯನ್ನನ್ನೇ. ಮಗುವಿನ ಪಾಲಿಗೆ ಅದು ಇಂಗ್ಲಿಷಿನ ನಂತರದ ಮತ್ತೊಂದು ಕಲಿತ ಭಾಷೆ; ಅಜ್ಜಿಯ ಮಾತು ತಿದ್ದಬೇಕಾದ ತಪ್ಪು. ಸಮುದಾಯಕ್ಕೆ ಘನತೆ ತಂದುಕೊಡುವ ಪ್ರಾಮಾಣಿಕ ಯತ್ನವೇ ಆ ಸಮುದಾಯದ ಮಾತಿನ ಘನತೆಯನ್ನು ಕುಗ್ಗಿಸಬಲ್ಲದು ಎಂಬ ಈ ವೈರುಧ್ಯ ಕೊವೆಲ್ಲೊ ಒಬ್ಬರದ್ದಲ್ಲ; ಶಿಷ್ಟರೂಪದ ಮೂಲಕ ಮನ್ನಣೆ ಬಯಸುವ ಎಲ್ಲ ಭಾಷಾ ಚಳವಳಿಗಳದ್ದು.

ಮುಂದಿನ ಬೆಳವಣಿಗೆ ನಮ್ಮ ವಾದವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಭಾಷಾ ಸಂಪರ್ಕ ಶಾಸ್ತ್ರದ ಬುನಾದಿ ಗ್ರಂಥವನ್ನು 1953ರಲ್ಲಿ ಪ್ರಕಟಿಸಿದವರು ಕೊಲಂಬಿಯಾದ ಉರಿಯಲ್ ವೈನ್‌ರೈಕ್. ಅವರ ಡಾಕ್ಟರೇಟ್ ಸಂಶೋಧನೆಯ ಕ್ಷೇತ್ರ ಸ್ವಿಟ್ಜರ್‌ಲ್ಯಾಂಡ್. ಅವರ ಶಿಷ್ಯ ವಿಲಿಯಂ ಲೆಬೊವ್ 1966ರಲ್ಲಿ ಪ್ರಕಟಿಸಿದ ನ್ಯೂಯಾರ್ಕ್ ಅಧ್ಯಯನದಲ್ಲಿ ಇಟಾಲಿಯನ್ನರು ಕಾಣಿಸಿಕೊಳ್ಳುತ್ತಾರೆ, ಆದರೆ ಇಂಗ್ಲಿಷ್ ಭಾಷಿಕರಾಗಿ: 'ಬ್ಯಾಡ್' ಪದದ ಸ್ವರವನ್ನು ಮೇಲೇರಿಸುವಲ್ಲಿ ಯಹೂದಿ ನೆರೆಯವರಿಗಿಂತ ಮುಂದಿದ್ದವರಾಗಿ. ಸಿದ್ಧಾಂತವೂ ಕ್ಷೇತ್ರಕಾರ್ಯದ ವಿಧಾನವೂ ಒಂದೇ ಆವರಣದಲ್ಲಿ ಸಜ್ಜಾಗುವ ಹೊತ್ತಿಗೆ ಮೊದಲ ತಲೆಮಾರಿನ ಭಾಷಿಕರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದರು.

ಇಟಲಿ ಗಣರಾಜ್ಯ ಮತ್ತು ಕೊಲಂಬಿಯಾದ ನಡುವಣ ಒಪ್ಪಂದದಿಂದ 1991ರಲ್ಲಿ ಅದೇ ಕಟ್ಟಡದಲ್ಲಿ ಉನ್ನತ ಅಧ್ಯಯನದ ಇಟಾಲಿಯನ್ ಅಕಾಡೆಮಿ ಸ್ಥಾಪಿತವಾಯಿತು. ಕಲೆ ಮತ್ತು ನರವಿಜ್ಞಾನ, ಪಾರಂಪರಿಕ ಸೊತ್ತುಗಳ ರಕ್ಷಣೆ ಮುಂತಾದ ವಿಷಯಗಳಲ್ಲಿ ಅದರ ಕೊಡುಗೆ ಗಮನಾರ್ಹ. ವಲಸಿಗರ ಅಧ್ಯಯನಕ್ಕೆ ಮೀಸಲಾದ ಕಲಾಂಡ್ರಾ ಸಂಸ್ಥೆ ನಗರದ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ, 1979ರಲ್ಲಿ ಹುಟ್ಟಿಕೊಂಡಿತು. ಆ ವಿಶ್ವವಿದ್ಯಾಲಯದ ಕ್ವೀನ್ಸ್ ಕಾಲೇಜಿನ ಹರ್ಮನ್ ಹಾಲರ್ ಇಟಾಲಿಯನ್–ಅಮೆರಿಕನ್ನರ ಭಾಷೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ್ದು 1993ರಲ್ಲಿ. ಲಿವಿಂಗ್‌ಸ್ಟನ್ ಅವರ ಲೇಖನಕ್ಕೂ ಈ ಗ್ರಂಥಕ್ಕೂ ನಡುವೆ ಮುಕ್ಕಾಲು ಶತಮಾನದ ಅಂತರವಿದೆ.

ಗ್ರಂಥಸೂಚಿಯ ಕೆಲಸ ಕಾಯಬಲ್ಲದು. ಪುಸ್ತಕಗಳು ಗ್ರಂಥಾಲಯದಲ್ಲೇ ಇರುತ್ತವೆ. ಭಾಷಿಕರು ಕಾಯಲಾರರು. ಆದ್ದರಿಂದ ಭಾಷೆಯ ಹೆಸರಿನಲ್ಲಿ ನಿಂತ ಸಂಸ್ಥೆಯನ್ನು ಅಳೆಯುವಾಗ, ಅದರ ಬಾಗಿಲಿನ ಹೊರಗೆ ಆ ಭಾಷೆಯನ್ನಾಡುವವರಿಂದ ಅದು ಏನನ್ನು ಕೇಳಿ ದಾಖಲಿಸಿಕೊಂಡಿತು ಎಂಬುದು ನಮ್ಮ ಮೊದಲ ಪ್ರಶ್ನೆಯಾಗಬೇಕು. ಇಂತಹ ಸಂಸ್ಥೆಗಳಲ್ಲೇ ಸಂಶೋಧನೆ ನಡೆಸುವ ನಾವೂ ಈ ಪ್ರಶ್ನೆಗೆ ಹೊರತಲ್ಲ.